ಸ್ಯಾಪ್ ಕ್ಯೂ ನಿಂತಿದೆಯೇ? ಅಳಿಸುವ ಮುನ್ನ ಮೊದಲ ಎಂಟ್ರಿ ಓದಿ

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನೋಡಿದವರಿಗೆ ಕ್ಯೂಆರ್‌ಎಫ್‌ಸಿ, ಅಂದರೆ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಸ್ಯಾಪ್ ತಂತ್ರಾಂಶದಲ್ಲಿ ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಕೆಲಸಗಳನ್ನು ಸಾಲಾಗಿ ಕಳಿಸುವ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಟ್ರೇಲರಿನ ಟೈರು ಒಡೆದರೆ ಹಿಂದಿನ ನಲವತ್ತೂ ನಿಲ್ಲುತ್ತವೆ, ಅವುಗಳಲ್ಲಿ ಯಾವ ದೋಷವೂ ಇಲ್ಲದಿದ್ದರೂ. ಕ್ಯೂನಲ್ಲೂ ಅಷ್ಟೇ. ಒಂದು ಹೆಸರಿನ ಕ್ಯೂನಲ್ಲಿ ಮೊದಲು ಬಂದ ಎಲ್‌ಯುಡಬ್ಲ್ಯು (ಒಟ್ಟಿಗೇ ನಡೆಯಬೇಕಾದ ಕೆಲಸದ ಒಂದು ಕಂತೆ) ಮೊದಲು ಹೋಗಬೇಕು. ಅದು ಕೆಟ್ಟರೆ ಉಳಿದವು ಕಾಯುತ್ತವೆ. ಹಾಗಾಗಿ ಹೆಬ್ಬಾಳದ ಕಾರ್ಖಾನೆಯಿಂದ ‘ಗೋದಾಮಿಗೆ 300 ಡೆಲಿವರಿ ಹೋಗಿಲ್ಲ’ ಎಂದು ಫೋನ್ ಬಂದರೆ 300 ತಪ್ಪು ಹುಡುಕಲು ಕೂರಬೇಡಿ.

ಹೊರಹೋಗುವ ಕ್ಯೂ ಎಸ್‌ಎಂಕ್ಯೂ1 ಎಂಬ ಕೋಡ್ ಕೊಟ್ಟರೆ ತೆರೆಯುವ ಪರದೆಯಲ್ಲಿ, ಒಳಬರುವುದು ಎಸ್‌ಎಂಕ್ಯೂ2ರಲ್ಲಿ, ಕ್ರಮದ ಹಂಗಿಲ್ಲದ ಟಿಆರ್‌ಎಫ್‌ಸಿ ಎಸ್‌ಎಂ58ರಲ್ಲಿ ಸಿಗುತ್ತದೆ. ಕ್ಯೂ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡುತ್ತ ಮೊದಲ ಎಂಟ್ರಿಯವರೆಗೆ ಇಳಿದು, ಸ್ಟೇಟಸ್ ಜೊತೆಗೆ ಮೆಸೇಜನ್ನೂ ಪೂರ್ತಿ ಓದಿ.

‘ಸಿಸ್‌ಫೇಲ್’ ಎಂದಿದ್ದರೆ ತಲುಪಬೇಕಾದ ಕಡೆ ಪ್ರೋಗ್ರಾಂ ತಪ್ಪು ಕೊಟ್ಟಿದೆ. ಇದು ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ. ತಿಂಗಳ 1ನೇ ತಾರೀಖು ಬೆಳಿಗ್ಗೆ ಇದು ಬಂದರೆ ಪೋಸ್ಟಿಂಗ್ ಪೀರಿಯಡ್ (ಲೆಕ್ಕ ನಮೂದಿಸಲು ತೆರೆದಿರುವ ಅವಧಿ) ಮೇಲೇ ಮೊದಲ ಅನುಮಾನ. ಹೊಸ ಪೀರಿಯಡ್ ತೆರೆಯುವ ಎಂಎಂಪಿವಿ ಓಡಿಸದೆ ಬಿಟ್ಟಿದ್ದರೆ ಎಂ7 053 ಎಂಬ ನಂಬರಿನ ಮೆಸೇಜ್ ಇರುತ್ತದೆ. ಪೀರಿಯಡ್ ತೆರೆದು ಕ್ಯೂ ಆಕ್ಟಿವೇಟ್ ಮಾಡಿದರೆ ಸಾಲು ಸರಸರನೆ ಖಾಲಿ. ಇನ್ನೊಂದು ಮಾಮೂಲಿ ಕಾರಣ ಲಾಕ್: ಸ್ಟೋರ್ಸ್‌ನಲ್ಲಿ ಯಾರೋ ಮೆಟೀರಿಯಲ್ ಮಾಸ್ಟರನ್ನು (ಸರಕಿನ ಮೂಲ ದಾಖಲೆ) ಚೇಂಜ್ ಮೋಡ್‌ನಲ್ಲಿ ತೆರೆದಿಟ್ಟು ಕಾಫಿಗೆ ಹೋಗಿರುತ್ತಾರೆ. ಎಸ್‌ಎಂ12ರಲ್ಲಿ ಅವರ ಹೆಸರು ಕಾಣುತ್ತದೆ. ಲಾಕ್ ಅಳಿಸುವುದಕ್ಕಿಂತ ಅವರಿಗೊಂದು ಫೋನ್ ಮಾಡುವುದು ಲೇಸು. ಡಂಪ್ ಆಗಿದ್ದರೆ, ಅಂದರೆ ಪ್ರೋಗ್ರಾಂ ನಡುವೆಯೇ ಕುಸಿದಿದ್ದರೆ, ತಲುಪಬೇಕಾದ ಸಿಸ್ಟಂನ ಎಸ್‌ಟಿ22 ನೋಡಿ. ಕಳಿಸಿದ ಕಡೆ ಹುಡುಕಿ ಹೊತ್ತು ಕಳೆಯುವವರೇ ಜಾಸ್ತಿ.

‘ಸಿಪಿಐಸಿ ಎರರ್’ ಎಂದರೆ ಸಂಪರ್ಕದ ಅಥವಾ ಲಾಗಿನ್ ತೊಂದರೆ. ಸಂಪರ್ಕಗಳ ಪರದೆ ಎಸ್‌ಎಂ59ರ ಕನೆಕ್ಷನ್ ಟೆಸ್ಟ್ ಹಸಿರು ತೋರಿಸಿತೆಂದು ನಂಬಿಬಿಡಬೇಡಿ, ಪಾಸ್‌ವರ್ಡ್ ತಪ್ಪಿದ್ದರೂ ಅದು ಪಾಸಾಗಬಹುದು. ಆಥರೈಸೇಷನ್ ಟೆಸ್ಟನ್ನೂ ಓಡಿಸಿ. ಆರ್‌ಎಫ್‌ಸಿ ಬಳಕೆದಾರನ (ಸಿಸ್ಟಂಗಳ ನಡುವಿನ ಲಾಗಿನ್‌ಗೆ ಇರುವ ಐಡಿ) ಪಾಸ್‌ವರ್ಡನ್ನು ಯಾರಾದರೂ ಬದಲಿಸಿದ್ದರೆ, ಹಳೆಯದರಿಂದಲೇ ಪ್ರಯತ್ನ ನಡೆದು ಆ ಐಡಿ ಲಾಕ್ ಆಗಿರುತ್ತದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಎಸ್‌ಎಂ59ರಲ್ಲಿ ಹೊಸ ಪಾಸ್‌ವರ್ಡ್ ಹಾಕಿ, ಆಮೇಲೆ ತಲುಪಬೇಕಾದ ಸಿಸ್ಟಂನ ಬಳಕೆದಾರರ ಪರದೆ ಎಸ್‌ಯು01ರಲ್ಲಿ ಅನ್‌ಲಾಕ್ ಮಾಡಿ. ತಿರುವುಮುರುವು ಮಾಡಿದರೆ ಕೆಲವೇ ನಿಮಿಷದಲ್ಲಿ ಮತ್ತೆ ಲಾಕ್. ಈ ಐಡಿ ‘ಸಿಸ್ಟಂ’ ಬಗೆಯದಾಗಿರಲಿ; ಜನ ಲಾಗಿನ್ ಆಗುವ ಡೈಲಾಗ್ ಬಗೆಯದಕ್ಕೆ ಪಾಸ್‌ವರ್ಡ್ ಅವಧಿ ಮುಗಿಯುವ ಕಾಟವಿದೆ.

‘ರನ್ನಿಂಗ್’ ಕಂಡಾಗ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ. ಆದರೂ ಕನಿಷ್ಠ 30 ನಿಮಿಷ ಬಿಡಿ. ಆ ಕಡೆ ಕೆಲಸ ನಿಜಕ್ಕೂ ನಡೆಯುತ್ತಿರುವಾಗ ಮತ್ತೆ ಆಕ್ಟಿವೇಟ್ ಮಾಡಿದರೆ ಒಂದೇ ಎಲ್‌ಯುಡಬ್ಲ್ಯು ಎರಡು ಸಲ ಓಡಬಹುದು. ‘ವೇಟ್‌ಅಪ್‌ಡಾ’ (ಅಪ್‌ಡೇಟ್ ಮುಗಿಯಲೆಂದು ಕಾಯುತ್ತಿದೆ) ಇದ್ದರೆ ಎಸ್‌ಎಂ13ರಲ್ಲಿ ಅಪ್‌ಡೇಟ್ ನೋಡಿ. ‘ಸ್ಟಾಪ್’ ಇದ್ದರೆ ಯಾರೋ ಬೇಕೆಂದೇ ತಡೆದಿದ್ದಾರೆ, ಕೇಳದೆ ತೆಗೆಯಬೇಡಿ. ಎಸ್‌ಎಂಕ್ಯೂ2ರಲ್ಲಿ ‘ರೆಡಿ’ ಎಂದು ಸುಮ್ಮನೆ ನಿಂತಿದ್ದರೆ ಒಳಬರುವ ಕ್ಯೂಗಳನ್ನು ರಿಜಿಸ್ಟರ್ ಮಾಡುವ ಎಸ್‌ಎಂಕ್ಯೂಆರ್ ತೆರೆಯಿರಿ, ಕ್ಯೂ ರಿಜಿಸ್ಟರ್ ಆಗದೆ ‘ಯು’ ಎಂದು ಕೂತಿರಬಹುದು.

ಅಳಿಸಿದ ಎಲ್‌ಯುಡಬ್ಲ್ಯು ಹಿಂತಿರುಗುವುದಿಲ್ಲ. ಡೆಲಿವರಿ ಸೃಷ್ಟಿಸುವ ಎಂಟ್ರಿ ಅಳಿಸಿದಿರಿ ಎನ್ನಿ. ಸಾಲಿನಲ್ಲಿ ಅದರ ಬೆನ್ನಿಗೆ ಬರುವ, ಅದೇ ಡೆಲಿವರಿಯನ್ನು ಬದಲಿಸುವ ಎಂಟ್ರಿ ಇಲ್ಲದ ಡೆಲಿವರಿಯನ್ನು ಹುಡುಕಿ ಬೀಳುತ್ತದೆ, ನಿಮ್ಮ ಕೈಯಲ್ಲಿ ಒಂದರ ಬದಲು ಎರಡು ತಪ್ಪು. ಸಾಲು ಬಿಡಿಸಲೇಬೇಕಾದ ಒತ್ತಡವಿದ್ದರೆ ಡಾಕ್ಯುಮೆಂಟ್ ನಂಬರ್ ಬರೆದಿಟ್ಟುಕೊಂಡು ‘ಸೇವ್ ಎಲ್‌ಯುಡಬ್ಲ್ಯು’ ಕೊಡಿ. ಒಳಬರುವ ಕ್ಯೂನಿಂದ ಹೀಗೆ ಪಕ್ಕಕ್ಕಿಟ್ಟದ್ದು ಎಸ್‌ಎಂಕ್ಯೂ3ರಲ್ಲಿ ಇರುತ್ತದೆ.