ವೃತ್ತದಲ್ಲಿ ಹುಟ್ಟಿದ್ದು ಸಾಲಿಗೆ ಬಂದ ಬಗೆ

ಐದಾರು ವರ್ಷಗಳ ಹಿಂದೆ ಬೆಂಗಳೂರಿನ ಹಲವು ನೃತ್ಯ ಶಾಲೆಗಳ ಫಲಕದಲ್ಲಿ ‘ಅರ್ಬನ್ ಡ್ಯಾನ್ಸ್’ ಎಂಬ ಹೆಸರಿರುತ್ತಿತ್ತು. ಈಗ ಅದೇ ತರಗತಿಗೆ ‘ಕೊರಿಯೋ’ (ಕೊರಿಯೊಗ್ರಫಿ, ಅಂದರೆ ನೃತ್ಯ ಸಂಯೋಜನೆ) ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ‘ಫ್ರೀಸ್ಟೈಲ್’. ಮಕ್ಕಳನ್ನು ಸೇರಿಸಲು ಬಂದವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಅದೇ ಸಡಿಲ ಪ್ಯಾಂಟು, ಅದೇ ಶೂ, ಗೋಡೆ ನಡುಗಿಸುವ ಅದೇ ಹಾಡು. ಒಳಗಿರುವವರಿಗೆ ಮಾತ್ರ ಇವು ಎರಡು ಊರುಗಳಿದ್ದಂತೆ. ಅವರ ನಡುವೆ ಕೊಡುಕೊಳ್ಳುವಿಕೆ ಇದೆ, ಮುನಿಸೂ ಇದೆ. ಈಚೆಗೆ ಎರಡೂ ಕಡೆಯವರು ಸೇರಿ ನೃತ್ಯ ಕಟ್ಟುವುದು ಹೆಚ್ಚಿರುವುದರಿಂದ ಆ ಹಳೆಯ ಲೆಕ್ಕಗಳು ಮತ್ತೆ ಮೇಲೆ ಬಂದಿವೆ.

ವ್ಯತ್ಯಾಸವನ್ನು ಸರಳವಾಗಿ ಹೇಳಬಹುದು. ಫ್ರೀಸ್ಟೈಲ್ ಮಾಡುವವನಿಗೆ ಯಾವ ಹಾಡು ಬರುತ್ತದೆಂದು ಗೊತ್ತಿರುವುದಿಲ್ಲ. ಜನ ವೃತ್ತವಾಗಿ ನಿಲ್ಲುತ್ತಾರೆ, ಅದನ್ನು ಸೈಫರ್ ಎನ್ನುತ್ತಾರೆ. ಡಿಜೆ ಹಾಕಿದ ಹಾಡಿಗೆ ಒಬ್ಬೊಬ್ಬರೇ ನಡುವೆ ಬಂದು ಆ ಕ್ಷಣಕ್ಕೆ ಹೊಳೆದದ್ದನ್ನು ಆಡಿ ಹೊರಗೆ ಹೋಗುತ್ತಾರೆ. ಕೊರಿಯೋ ತಂಡದಲ್ಲಿ ಹಾಡು ಮೊದಲೇ ಗೊತ್ತು. ಒಂದರಿಂದ ಎಂಟರವರೆಗಿನ ಎಣಿಕೆಗೆ ಚಲನೆಗಳನ್ನು ಜೋಡಿಸಿ, ಇಪ್ಪತ್ತು ಮೂವತ್ತು ಜನ ಒಂದೇ ದೇಹವಾಗುವ ತನಕ ತಿದ್ದುತ್ತಾರೆ. ಒಂದರ ಜೀವ ವೃತ್ತದಲ್ಲಿದೆ, ಇನ್ನೊಂದರದು ಸಾಲಿನಲ್ಲಿ.

ಈ ಬೀದಿ ನೃತ್ಯಗಳ ಮೂಲದ ಕಥೆಯನ್ನು ಎಲ್ಲರೂ ಹೇಳುತ್ತಾರೆ: 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ, ಹಿಪ್ ಹಾಪ್ ಹುಟ್ಟಿತೆನ್ನುವ ಪಾರ್ಟಿ, ಅಲ್ಲಿಂದ ಬೆಳೆದ, ನೆಲದ ಮೇಲೆ ಸುತ್ತಿ ತಿರುಗುವ ಬ್ರೇಕಿಂಗ್, ಲಾಸ್ ಏಂಜಲೀಸ್‌ನಲ್ಲಿ ಡಾನ್ ಕ್ಯಾಂಪ್‌ಬೆಲ್ ಹುಟ್ಟುಹಾಕಿದ, ಚಲನೆಯ ನಡುವೆ ಥಟ್ಟನೆ ಬಿಗಿಹಿಡಿದು ನಿಲ್ಲುವ ಲಾಕಿಂಗ್, ಫ್ರೆಸ್ನೊ ಊರಿನ ಬೂಗಲೂ ಸ್ಯಾಮ್ ಬೆಳೆಸಿದ, ಸ್ನಾಯುಗಳನ್ನು ಬಿಗಿದು ಸಡಿಲಿಸಿ ದೇಹ ಅದುರಿಸುವ ಪಾಪಿಂಗ್, ಕ್ಲಬ್ಬುಗಳಿಂದ ಬಂದ, ಪಾದಗಳ ಚುರುಕಾಟದ ಹೌಸ್, 2000ದ ಸುಮಾರಿಗೆ ದಕ್ಷಿಣ ಲಾಸ್ ಏಂಜಲೀಸ್‌ನ ಎದೆ, ತೋಳು ಬೀಸಿ ಆವೇಶದಿಂದ ಕುಣಿಯುವ ಕ್ರಂಪ್. ಹೆಚ್ಚಿನವು ಕಪ್ಪು ಮತ್ತು ಲ್ಯಾಟಿನೊ ಬಡಾವಣೆಗಳ ಯುವಕರು ಕಟ್ಟಿದವು. ಇವೆಲ್ಲ ಅಪ್ಪಟ ಆಶು ನೃತ್ಯ, ಸಂಯೋಜನೆ ಆಮೇಲೆ ಹೊರಗಿನಿಂದ ಬಂತು ಎನ್ನುವುದು ಅರ್ಧಸತ್ಯ. ಕ್ಯಾಂಪ್‌ಬೆಲ್ ಅವರ ‘ಲಾಕರ್ಸ್’ ಎಪ್ಪತ್ತರ ದಶಕದಲ್ಲೇ ಟಿವಿಗೂ ವೇದಿಕೆಗೂ ತಾಲೀಮು ಮಾಡಿದ ತಂಡ. 1990ರಲ್ಲಿ ಜರ್ಮನಿಯಲ್ಲಿ ಶುರುವಾದ ‘ಬ್ಯಾಟಲ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ ಬ್ರೇಕಿಂಗ್ ತಂಡಗಳು ಮೊದಲು ಸಂಯೋಜಿತ ಪ್ರದರ್ಶನ ಕೊಡಬೇಕಿತ್ತು; ಅದರಲ್ಲಿ ಗೆದ್ದವರಿಗಷ್ಟೇ ಎದುರುಬದುರು ನಿಂತು ಸೆಣಸುವ ಅವಕಾಶ. ವೃತ್ತದವರಿಗೆ ಸಾಲು ಎಂದೂ ಅಪರಿಚಿತವಾಗಿರಲಿಲ್ಲ.

ಹಾಗಾದರೆ ಕೊರಿಯೋ ಎಂಬ ಬೇರೆ ಊರು ಹುಟ್ಟಿದ್ದು ಎಲ್ಲಿ? ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ. ಈ ಘಟ್ಟದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಲ್ಲಿನ ಫಿಲಿಪಿನೊ ಮೂಲದ ವಿದ್ಯಾರ್ಥಿ ಸಂಘಗಳು ವರ್ಷಕ್ಕೊಮ್ಮೆ ಸಾಂಸ್ಕೃತಿಕ ರಾತ್ರಿ ನಡೆಸುತ್ತವೆ. ನಮ್ಮ ಅಮೆರಿಕದ ಕನ್ನಡ ಕೂಟಗಳ ಯುಗಾದಿ ಕಾರ್ಯಕ್ರಮವನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ತಾಯ್ನಾಡಿನ ಜಾನಪದ ಕುಣಿತಗಳು ಸಾಲಾಗಿ ಬರುತ್ತವೆ. ಬಿದಿರ ಗಳುಗಳನ್ನು ನೆಲಕ್ಕೆ ಬಡಿಯುತ್ತಿರುವಾಗ ಅವುಗಳ ನಡುವೆ ಪಾದ ಸಿಗದಂತೆ ಹಾರುವ ಟಿನಿಕ್ಲಿಂಗ್ ಇದ್ದೇ ಇರುತ್ತದೆ. ಕೊನೆಗೆ ಹುಡುಗರಿಗೆ ಇಷ್ಟವಾದ ಹಾಡುಗಳ ಒಂದು ‘ಮಾಡರ್ನ್’ ಭಾಗ. 1992ರಲ್ಲಿ ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರ್ನೆಲ್ ಕಲ್ವಾರಿಯೊ ಎಂಬ ವಿದ್ಯಾರ್ಥಿ ಆ ಭಾಗವನ್ನೇ ಒಂದು ತಂಡವಾಗಿಸಿದರು. ಅದೇ ‘ಕಾಬಾ ಮಾಡರ್ನ್’. ಮರುವರ್ಷ ಸ್ಯಾನ್ ಡಿಯಾಗೊದಲ್ಲಿ ಆಂಜಿ ಬಂಚ್ ‘ಕಲ್ಚರ್ ಶಾಕ್’ ಕಟ್ಟಿದರು. ಅಕ್ಕಪಕ್ಕದ ಕಾಲೇಜುಗಳಲ್ಲಿ ಒಂದೊಂದೇ ತಂಡ ಎದ್ದಿತು, ‘ವೈಬ್’ನಂಥ ಸ್ಪರ್ಧೆಗಳು ಬಂದವು.

ಇವರಿಗೆ ಕ್ಲಬ್ಬಿನ ವೃತ್ತಕ್ಕಿಂತ ಹತ್ತಿರವಿದ್ದದ್ದು ಟಿವಿಯ ಸಂಗೀತ ವಿಡಿಯೊ. ಆ ವಿಡಿಯೊಗಳಿಗೆ ಚಲನೆ ಕೊಟ್ಟವರಲ್ಲಿ ಹಲವರು ಕ್ಲಬ್ಬಿನವರೇ ಎಂಬುದು ತೆರೆಯ ಮೇಲೆ ಕಾಣುತ್ತಿರಲಿಲ್ಲ. 1992ರಲ್ಲಿ ಮೈಕೇಲ್ ಜಾಕ್ಸನ್ ಅವರ ಈಜಿಪ್ಟ್ ದರ್ಬಾರಿನ ವಿಡಿಯೊದಲ್ಲಿ ಕುಣಿದವರ ನಡುವೆ ನ್ಯೂಯಾರ್ಕ್ ಕ್ಲಬ್ಬುಗಳ ಬುದ್ಧ ಸ್ಟ್ರೆಚ್ ಮತ್ತು ಗೆಳೆಯರಿದ್ದರು. ವೃತ್ತದಲ್ಲಿ ಹುಟ್ಟಿದ್ದು ಕ್ಯಾಮೆರಾಗೆ ಬಂತು, ಕ್ಯಾಮೆರಾದಿಂದ ಕಾಲೇಜಿನ ಸಭಾಂಗಣಕ್ಕೆ ಇಳಿಯಿತು. ದಾರಿಯಲ್ಲಿ ಹೆಸರುಗಳು ಉದುರಿಹೋದವು. ಯಾರೂ ಬೇಕೆಂದು ಅಳಿಸಲಿಲ್ಲ; ಬರೆದಿಡುವ ಪದ್ಧತಿಯೇ ಇರಲಿಲ್ಲ.

ಆ ವಿದ್ಯಾರ್ಥಿಗಳು ಬರೀ ಎರವಲು ತಂದವರೂ ಅಲ್ಲ. ಮೂವತ್ತು ಜನ ಚುಕ್ಕಿ ಇಟ್ಟ ಹಾಗೆ ನಿಂತು, ಎಂಟು ಎಣಿಕೆಯೊಳಗೆ ಒಬ್ಬರಿಗೊಬ್ಬರು ತಾಗದೆ ಇನ್ನೊಂದು ರಂಗೋಲಿಯಾಗಿ ಬದಲಾಗುವ ಕಲೆ ಅವರದು. ಸಾಹಿತ್ಯದ ಒಂದೊಂದು ಅಕ್ಷರಕ್ಕೂ ಬೆರಳು, ಹುಬ್ಬು, ಉಸಿರು ಹೊಂದಿಸುವ ಸೂಕ್ಷ್ಮ ಅವರದು. ಆ ರೀತಿಯ ನೃತ್ಯಕ್ಕೆ ಒಂದು ಹೆಸರು ಬೇಕಿತ್ತು. ಹಿಪ್ ಹಾಪ್ ಎನ್ನಲು ಅವರಲ್ಲೇ ಹಲವರಿಗೆ ಅಳುಕು. ‘ಅರ್ಬನ್’ ಎಂಬುದು ಹೇಗೋ ಅಂಟಿಕೊಂಡಿತು.

2008ರಲ್ಲಿ ಎರಡು ಊರುಗಳೂ ಒಂದೇ ವೇದಿಕೆಗೆ ಬಂದವು. ಎಂಟಿವಿ ವಾಹಿನಿಯ ‘ಅಮೆರಿಕಾಸ್ ಬೆಸ್ಟ್ ಡ್ಯಾನ್ಸ್ ಕ್ರೂ’ ಸ್ಪರ್ಧೆಯ ಮೊದಲ ಆವೃತ್ತಿಯಲ್ಲಿ ಕಾಬಾ ಮಾಡರ್ನ್ ಮೂರನೆಯದಾಯಿತು, ‘ಜಬ್ಬಾವಾಕೀಜ್’ ಗೆದ್ದಿತು. ಜಬ್ಬಾವಾಕೀಜ್‌ನವರು ಬಿಳಿ ಮುಖವಾಡ ತೊಟ್ಟು ಬರುತ್ತಿದ್ದರು. ತಂಡದಲ್ಲಿ ಪಾಪಿಂಗ್ ಮಾಡುವವರು, ಬ್ರೇಕಿಂಗ್ ಮಾಡುವ ಬಿ-ಬಾಯ್‌ಗಳು, ಸಂಯೋಜನೆ ಬಲ್ಲವರು ಎಲ್ಲರೂ ಇದ್ದರು. ಒಬ್ಬ ನೆಲದಲ್ಲಿ ತಲೆಕೆಳಗಾಗಿ ನಿಂತುಬಿಟ್ಟಾಗ ಉಳಿದವರು ಆ ನಿಲುವನ್ನೇ ತಂಡದ ಚಿತ್ರದ ಕೇಂದ್ರವಾಗಿಸುತ್ತಿದ್ದರು. ಇಬ್ಬರನ್ನೂ ಸೇರಿಸಿ ಕಟ್ಟಬಹುದು ಎಂಬುದಕ್ಕೆ ನನ್ನ ಪಾಲಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೂ ಸಿಕ್ಕಿಲ್ಲ.

ಆಮೇಲಿನದು ಯೂಟ್ಯೂಬ್ ಕಾಲ. ತರಗತಿಯ ಕೊನೆಯ ಹತ್ತು ನಿಮಿಷದ ಚಿತ್ರೀಕರಣವೇ ತರಗತಿಗಿಂತ ದೊಡ್ಡದಾಯಿತು. ಕೊರಿಯೋ ವಿಡಿಯೊ ಜಗತ್ತು ಸುತ್ತಿತು, ಸೈಫರ್ ಅಷ್ಟು ಸುಲಭವಾಗಿ ಸುತ್ತಲಿಲ್ಲ. ವೃತ್ತದ ಹೊರಗಿನಿಂದ ನೋಡಿದರೆ ಬೆನ್ನುಗಳೇ ಕಾಣುತ್ತವೆ. ಭಾರತದಲ್ಲೂ ಅಂತರ ಎದ್ದು ಕಂಡಿತು. 2019ರಲ್ಲಿ ಮುಂಬೈನ ‘ದಿ ಕಿಂಗ್ಸ್’ ಅಮೆರಿಕದ ‘ವರ್ಲ್ಡ್ ಆಫ್ ಡ್ಯಾನ್ಸ್’ ಟಿವಿ ಸ್ಪರ್ಧೆ ಗೆದ್ದು 10 ಲಕ್ಷ ಡಾಲರ್ ಬಹುಮಾನ ಪಡೆದಾಗ ಮನೆಮನೆಯಲ್ಲೂ ಸುದ್ದಿ. ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಮುಂಬೈಯಲ್ಲಿ ಬ್ರೇಕಿಂಗ್‌ನ ‘ರೆಡ್ ಬುಲ್ ಬಿಸಿ ಒನ್’ ವಿಶ್ವ ಅಂತಿಮ ಸ್ಪರ್ಧೆ ನಡೆಯಿತು. ಅದು ನೃತ್ಯದವರ ಬಳಗ ದಾಟಿ ಹೆಚ್ಚು ದೂರ ಹೋಗಲಿಲ್ಲ.

ಹೆಸರಿನ ತಕರಾರು ಬಿಗಿಯಾದದ್ದು 2020ರಲ್ಲಿ. ಅಮೆರಿಕದ ಸಂಗೀತ ಉದ್ಯಮದಲ್ಲಿ ‘ಅರ್ಬನ್’ ಎಂಬುದು ಕಪ್ಪು ಸಂಗೀತವನ್ನು ಬೇರೆ ಕಪಾಟಿನಲ್ಲಿಡುವ ಶಬ್ದವಾಗಿತ್ತು. ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತರಾದ ನಂತರ ಜೂನ್‌ನಲ್ಲಿ ರಿಪಬ್ಲಿಕ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಆ ಶಬ್ದವನ್ನು ಕೈಬಿಟ್ಟಿತು, ಗ್ರ್ಯಾಮಿ ಒಂದು ಪ್ರಶಸ್ತಿ ವಿಭಾಗದ ಹೆಸರು ಬದಲಿಸಿತು. ನೃತ್ಯ ಶಾಲೆಗಳೂ ಹಿಂಬಾಲಿಸಿದವು. ಬೆಂಗಳೂರಿನ ಫಲಕ ಬದಲಾದ ಹಿನ್ನೆಲೆ ಇದು. ಫಲಕ ಬದಲಿಸಿದ್ದು ಸರಿಯೇ. ಒಳಗೆ ಕಲಿಸುವಾಗ ‘ಈ ಚಲನೆ ಲಾಕಿಂಗ್‌ನದು, ಇದನ್ನು ಕಟ್ಟಿದವರು ಇವರು’ ಎಂದು ಹೇಳುವ ಮೇಷ್ಟ್ರು ಈಗಲೂ ವಿರಳ ಎನ್ನುವುದೇ ನನ್ನ ಬೇಸರ.

ಕಾನೂನು ಈ ಗಂಟನ್ನು ಇನ್ನಷ್ಟು ಬಿಗಿಯಿತು. ಕೈಲ್ ಹನಗಾಮಿ ಎಂಬ ಸಂಯೋಜಕರು ತಮ್ಮ 96 ಎಣಿಕೆಗಳ ನೃತ್ಯದಿಂದ ನಾಲ್ಕು ಎಣಿಕೆಗಳ ಚಲನೆಯನ್ನು ‘ಫೋರ್ಟ್‌ನೈಟ್’ ವಿಡಿಯೊ ಆಟದ ಪಾತ್ರಗಳಿಗೆ ಬಳಸಲಾಗಿದೆ ಎಂದು 2022ರಲ್ಲಿ ಮೊಕದ್ದಮೆ ಹೂಡಿದರು. ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತು. ನೃತ್ಯವೆಂದರೆ ಬಿಡಿಬಿಡಿ ಭಂಗಿಗಳ ಪಟ್ಟಿಯಲ್ಲ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಿರುಗಿಸಿತು. ಸಂಯೋಜಕರಿಗೆ ಅದು ದೊಡ್ಡ ಬಲ. ಆದರೆ ಚಿಕ್ಕ ಚಲನೆ, ಜನ ಸೇರಿ ಕುಣಿಯುವ ಸಾಮಾಜಿಕ ನೃತ್ಯ ಇವುಗಳನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ ನೋಂದಾಯಿಸುವುದಿಲ್ಲ. ಅಂದರೆ ಪದಗಳನ್ನು ಹುಟ್ಟಿಸಿದವರಿಗೆ ರಕ್ಷಣೆ ಇಲ್ಲ, ವಾಕ್ಯ ಕಟ್ಟಿದವರಿಗೆ ಇದೆ. ಭಾರತದ 1957ರ ಕಾಯ್ದೆಯೂ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ಜೊತೆ ಸೇರಿಸಿ, ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಎನ್ನುತ್ತದೆ. ಕ್ಷಣದಲ್ಲಿ ಹುಟ್ಟಿ ಮುಗಿಯುವುದು ದಾಖಲಾಗುವುದೆಲ್ಲಿ?

ಈ ಪ್ರಶ್ನೆ ನಮಗೆ ಹೊಸದಲ್ಲ. ಶಿವರಾಮ ಕಾರಂತರು ಯಕ್ಷಗಾನದ ಮಾತು ಕಡಿಮೆ ಮಾಡಿ, ಕುಣಿತಕ್ಕೆ ಹೆಚ್ಚು ಜಾಗ ಕೊಟ್ಟು, ಪಿಟೀಲು ಸ್ಯಾಕ್ಸೋಫೋನ್ ಸೇರಿಸಿ ಬ್ಯಾಲೆಗಳನ್ನು ರೂಪಿಸಿದರು. ಅವರು ತೀರಿಕೊಂಡ ಮೇಲೆ, 2001ರಲ್ಲಿ ದೆಹಲಿಯಲ್ಲಿ ಆಡಿದ ‘ಅಭಿಮನ್ಯು ವಧೆ’ಯ ಹಕ್ಕಿನ ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಕಾರಂತರ ಉಯಿಲಿನಂತೆ ಹಕ್ಕು ಅವರ ಉತ್ತರಾಧಿಕಾರಿಗೇ ಉಳಿಯಿತು. ಕಾಯ್ದೆ ವಿನಾಯಿತಿ ಕೊಟ್ಟಿರುವ ಪ್ರದರ್ಶನಗಳಿಗೆ ಮಾತ್ರ ತಡೆಯಿಲ್ಲ ಎಂದಾಯಿತು. ಮೇಳಗಳಲ್ಲಿ ಹೆಜ್ಜೆಗಳನ್ನು ತಲೆಮಾರುಗಳ ಕಾಲ ಕಾಪಾಡಿದ ಕಲಾವಿದರ ಪಾಲೆಷ್ಟು ಎನ್ನುವುದು ಆ ವ್ಯಾಜ್ಯದ ವಿಷಯವೇ ಆಗಿರಲಿಲ್ಲ.

ಕಳೆದ ವರ್ಷ ಬೆಂಗಳೂರಿನ ಒಂದು ಚಿಕ್ಕ ಸಭಾಂಗಣದಲ್ಲಿ ಎರಡೂ ಕಡೆಯವರ ಜಂಟಿ ತಾಲೀಮು ನೋಡಿದೆ. ಸಂಯೋಜಕಿ ‘ಐದರಲ್ಲಿ ಶುರು ಮಾಡು’ ಎನ್ನುತ್ತಾರೆ, ಪಾಪಿಂಗ್ ಮಾಡುವ ಹುಡುಗನಿಗೆ ಐದು ಎಲ್ಲಿದೆ ತಿಳಿಯದು. ‘ಅಕ್ಕಾ, ನಾನು ಎಣಿಸುವುದಿಲ್ಲ. ಸ್ನೇರ್ ಡ್ರಮ್ಮಿನ ಏಟು ಬಿದ್ದಾಗ ಎದೆ ಹೊಡೆದುಕೊಳ್ಳುತ್ತದೆ, ಅಷ್ಟೇ’ ಎಂದ. ಅರ್ಧ ಗಂಟೆ ಇದೇ ಆಯಿತು. ಆಮೇಲೆ ಅವರು ಎಣಿಸುವುದನ್ನು ಬಿಟ್ಟು ತಂಡದ ಹನ್ನೆರಡು ಜನರನ್ನೂ ಕಣ್ಣು ಮುಚ್ಚಿಸಿ ಕೂರಿಸಿ ಅದೇ ಹಾಡನ್ನು ನಾಲ್ಕು ಸಲ ಕೇಳಿಸಿದರು. ಐದನೆಯ ಸಲ ಎಲ್ಲರ ಭುಜವೂ ಸ್ನೇರ್‌ಗೆ ಸಣ್ಣಗೆ ಅದುರಿತು. ಹುಡುಗ ಅಂದು ಸಂಜೆ ಮೊದಲ ಬಾರಿಗೆ ಸಾಲಿನಲ್ಲಿ ತನ್ನ ಜಾಗ ಬದಲಿಸುವುದನ್ನು ಕಲಿತ, ಎರಡು ಸಲ ಪಕ್ಕದವಳಿಗೆ ಡಿಕ್ಕಿ ಹೊಡೆದ. ಹೊರಡುವಾಗ ಗೋಡೆಗೆ ಅಂಟಿಸಿದ್ದ ಎಣಿಕೆಯ ಹಾಳೆ ಕಣ್ಣಿಗೆ ಬಿತ್ತು. ಪ್ರತಿ ಎಂಟರ ಎದುರೂ ಚಲನೆಗಳನ್ನು ಬರೆದಿದ್ದರು. ಏಳನೆಯ ಎಂಟರ ಎದುರು ಚಲನೆ ಇರಲಿಲ್ಲ, ಆ ಹುಡುಗನ ಹೆಸರಿತ್ತು.