ಹತ್ತು ಎಕರೆ ಇಲ್ಲದ ಶಾಲೆಗಳು

ಅಮೆರಿಕದ ಹಳೆಯ ನಗರಗಳಲ್ಲಿ ನೂರು ವರ್ಷದ ಸರ್ಕಾರಿ ಶಾಲೆಯೊಂದನ್ನು ಮುಚ್ಚುವ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಕಾರಣ ‘ಕಟ್ಟಡ ಹಳೆಯದಾಯಿತು’ ಎಂಬುದು. ಎಷ್ಟೋ ಶಾಲೆಗಳ ಹಣೆಬರಹ ಮಾತ್ರ ಎಂಜಿನಿಯರ್ ಬಂದು ಗೋಡೆ ತಟ್ಟಿ ನೋಡುವ ಮೊದಲೇ ನಿರ್ಧಾರವಾಗಿಬಿಟ್ಟಿತ್ತು. ಅದಕ್ಕೆ ಕಚೇರಿಯ ಎರಡು ಲೆಕ್ಕಗಳೇ ಸಾಕಾದವು.

ಈ ಕಟ್ಟಡಗಳನ್ನು ಯಾರೂ ಕಾಟಾಚಾರಕ್ಕೆ ಕಟ್ಟಿದ್ದಲ್ಲ. 1891ರಿಂದ ಮೂರು ದಶಕ ಕಾಲ ನ್ಯೂಯಾರ್ಕ್ ನಗರದ ಶಾಲಾ ಕಟ್ಟಡಗಳ ಹೊಣೆ ಹೊತ್ತಿದ್ದ ವಾಸ್ತುಶಿಲ್ಪಿ ಸಿ.ಬಿ.ಜೆ. ಸ್ನೈಡರ್ ಅವರ ಕೆಲಸ ನೋಡಿದರೆ ತಿಳಿಯುತ್ತದೆ. ವಲಸಿಗರ ಮಕ್ಕಳಿಂದ ತರಗತಿಗಳು ಕಿಕ್ಕಿರಿದಿದ್ದ ಕಾಲ ಅದು. ಮೂಲೆ ನಿವೇಶನಗಳ ಬೆಲೆ ಕೈಗೆಟುಕುತ್ತಿರಲಿಲ್ಲ. ಸ್ನೈಡರ್ ಮನೆಗಳ ಸಾಲಿನ ನಡುವಿನ ಅಗ್ಗದ ಜಾಗ ಹಿಡಿದು, ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ಶಾಲೆ ಕಟ್ಟಿದರು. ಎರಡೂ ಬದಿ ಅಂಗಳ, ತರಗತಿಗಳಿಗೆ ದೊಡ್ಡ ಕಿಟಕಿಗಳು. ಬೀದಿಯ ಗದ್ದಲ ದೂರ, ಗಾಳಿ-ಬೆಳಕು ಹತ್ತಿರ. ಇಕ್ಕಟ್ಟನ್ನೇ ಅನುಕೂಲ ಮಾಡಿಕೊಂಡ ಜಾಣತನವಿದು.

ಎರಡನೇ ಮಹಾಯುದ್ಧದ ನಂತರ ಅದೇ ಇಕ್ಕಟ್ಟು ಅಪರಾಧವಾಯಿತು. ಜನ ಕಾರು ಕೊಂಡು ಹೊರವಲಯಕ್ಕೆ ಹೊರಟರು; ಅಗಲವಾಗಿ ಹರಡಿದ ಒಂದೇ ಅಂತಸ್ತಿನ ಶಾಲೆ, ಸುತ್ತ ಮೈದಾನ, ಪಾರ್ಕಿಂಗ್ ಜಾಗ ಮಾದರಿಯಾದವು. ಶಾಲಾ ಕಟ್ಟಡ ಯೋಜಕರ ಅಂತರರಾಷ್ಟ್ರೀಯ ಮಂಡಳಿಯ ಮಾರ್ಗಸೂಚಿ ಪ್ರಾಥಮಿಕ ಶಾಲೆಗೆ 10 ಎಕರೆ, ಅದರ ಮೇಲೆ ಪ್ರತಿ ನೂರು ಮಕ್ಕಳಿಗೆ ಇನ್ನೊಂದು ಎಕರೆ ಇರಲಿ ಎಂದಿತು. ಪ್ರೌಢಶಾಲೆಗೆ 30 ಎಕರೆಯಿಂದ ಲೆಕ್ಕ ಶುರು. ಅಂದರೆ ಐನೂರು ಮಕ್ಕಳ ಪ್ರಾಥಮಿಕ ಶಾಲೆಗೆ 15 ಎಕರೆ. ಮ್ಯಾನ್‌ಹಟನ್‌ನ ಸಾಮಾನ್ಯ ಬ್ಲಾಕ್ ಒಂದು ಪೂರ್ತಿ ಸಿಕ್ಕರೂ ಐದು ಎಕರೆ ದಾಟದು! ಆ ಮಾರ್ಗಸೂಚಿ ಬರೀ ಸಲಹೆಯಾಗಿತ್ತು, ನಿಜ. ಆದರೆ ಹಲವು ರಾಜ್ಯಗಳು ಅದನ್ನೇ ನಿಯಮ ಮಾಡಿಕೊಂಡವು. ಹಳೆಯ ಶಾಲೆ ಉಳಿಸಬೇಕೆಂದರೆ ಸುತ್ತಲಿನ ಮನೆ ಕೆಡವಬೇಕು, ಇಲ್ಲವೇ ಅದನ್ನು ಬಿಟ್ಟು ಊರಾಚೆ ಹೊಲ ಹುಡುಕಬೇಕು.

ಎರಡನೆಯದು ಶೇಕಡಾವಾರು ಲೆಕ್ಕ. ದುರಸ್ತಿಯ ವೆಚ್ಚ ಹೊಸ ಕಟ್ಟಡದ ವೆಚ್ಚದ ಇಂತಿಷ್ಟು ಪಾಲು ಮೀರಿದರೆ ಕೆಡವಿ ಕಟ್ಟುವುದೇ ಲೇಸು ಎಂಬ ನಿಯಮ. ಒಹಾಯೊದಲ್ಲಿ ಆ ಗೆರೆ ಮೂರರಲ್ಲಿ ಎರಡು ಪಾಲು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೊಸ ಜಾಗದ ಬೆಲೆ, ರಸ್ತೆ, ಒಳಚರಂಡಿ, ಪ್ರತಿದಿನ ಓಡಬೇಕಾದ ಬಸ್ಸುಗಳ ಖರ್ಚು ಎಷ್ಟೋ ಸಲ ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. 1969ರಲ್ಲಿ ದೇಶದಾದ್ಯಂತ ಎಂಟನೇ ತರಗತಿವರೆಗಿನ ಮಕ್ಕಳಲ್ಲಿ ಸುಮಾರು ಶೇ 48ರಷ್ಟು ಮಂದಿ ನಡೆದೋ ಸೈಕಲ್ ತುಳಿದೋ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಅದು ಶೇ 13ಕ್ಕೆ ಕುಸಿಯಿತು. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಶಾಲೆ ದೂರವಾದದ್ದು ಅವುಗಳಲ್ಲಿ ದೊಡ್ಡದು.

ಹಾಗಂತ ಸುರಕ್ಷತೆಯ ಆತಂಕವೆಲ್ಲ ನೆಪ ಎನ್ನಲಾಗದು. 1933ರ ಲಾಂಗ್ ಬೀಚ್ ಭೂಕಂಪದಲ್ಲಿ ಸುಮಾರು 70 ಶಾಲೆಗಳು ನೆಲಕಚ್ಚಿದವು. ಸಂಜೆಯಾಗಿದ್ದರಿಂದ ಮಕ್ಕಳು ಒಳಗಿರಲಿಲ್ಲ. ಒಂದೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಶಾಲಾ ಕಟ್ಟಡಗಳಿಗೆ ಕಠಿಣ ಕಾನೂನು ತಂದಿತು. 1958ರ ಡಿಸೆಂಬರ್ 1ರಂದು ಷಿಕಾಗೊದ ಕ್ಯಾಥೊಲಿಕ್ ಶಾಲೆಯೊಂದಕ್ಕೆ ಬೆಂಕಿ ಬಿದ್ದು 92 ಮಕ್ಕಳು, ಮೂವರು ಸನ್ಯಾಸಿನಿಯರು ಸತ್ತರು. ಹಳೆಯ ಕಟ್ಟಡವೆಂಬ ವಿನಾಯಿತಿಯಲ್ಲಿ ಆ ಶಾಲೆ ಕೆಲವೇ ವಾರಗಳ ಹಿಂದೆ ತಪಾಸಣೆಯಲ್ಲಿ ಪಾಸಾಗಿತ್ತು. ಬೆಂಕಿ-ಹೊಗೆ ಮೇಲೇರಲು ದಾರಿಯಾಗುವ ತೆರೆದ ಮರದ ಮೆಟ್ಟಿಲನ್ನು ಪರಂಪರೆಯ ಹೆಸರಿನಲ್ಲಿ ಹಾಗೇ ಬಿಡಿ ಎನ್ನುವವರು ಈ ದಿನವನ್ನು ಮರೆಯಬಾರದು.

ಪಾರಂಪರಿಕ ಪಟ್ಟಿಗೆ ಸೇರಿಸಿದರೆ ಶಾಲೆ ಉಳಿಯಿತು ಎಂಬ ನಂಬಿಕೆಯೂ ಪೊಳ್ಳು. 1966ರ ಕಾಯ್ದೆಯಡಿ ರಚನೆಯಾದ ಚಾರಿತ್ರಿಕ ತಾಣಗಳ ರಾಷ್ಟ್ರೀಯ ನೋಂದಣಿ ಗೌರವ ಕೊಡುತ್ತದೆ, ಒಕ್ಕೂಟ ಸರ್ಕಾರದ ಹಣ ಅಥವಾ ಅನುಮತಿ ಇರುವ ಕಾಮಗಾರಿಗಷ್ಟೇ ಪರಿಶೀಲನೆ ಕೇಳುತ್ತದೆ. ಸ್ಥಳೀಯ ಶಾಲಾ ಮಂಡಳಿ ತನ್ನದೇ ದುಡ್ಡಿನಲ್ಲಿ ಬುಲ್ಡೋಜರ್ ತಂದರೆ ಅದು ತಡೆಯದು. 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೈನಿಕರ ಕಾವಲಿನಲ್ಲಿ ಕಾಲಿಟ್ಟ, ಅದುವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಲಿಟ್ಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲ್ ಈಗ ರಾಷ್ಟ್ರೀಯ ಚಾರಿತ್ರಿಕ ತಾಣ. 1927ರ ಆ ಕಟ್ಟಡದಲ್ಲಿ ಇಂದಿಗೂ ಪಾಠ ನಡೆಯುತ್ತದೆ. ಅಂಥ ಚರಿತ್ರೆ ಎಲ್ಲ ಶಾಲೆಗಳಿಗೂ ಇರುವುದಿಲ್ಲ. ‘ನಮ್ಮ ಬಡಾವಣೆಯ ಶಾಲೆ ನಮಗಿರಲಿ’ ಎಂಬ ಕೂಗಿಗೂ ಒಂದು ಕಪ್ಪು ಚುಕ್ಕೆಯಿದೆ: 1970ರ ದಶಕದಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಒಟ್ಟಿಗೆ ಕೂರಿಸುವುದನ್ನು ವಿರೋಧಿಸಿದವರ ಘೋಷಣೆಯೂ ಅದೇ ಆಗಿತ್ತು.

2000ದಲ್ಲಿ ಪಾರಂಪರಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್, ಯಾವುದೇ ಒಂದು ಶಾಲೆಯ ಹೆಸರು ಹೇಳದೆ, ದೇಶದ ಹಳೆಯ ಬಡಾವಣೆ ಶಾಲೆಗಳನ್ನೆಲ್ಲ ಒಟ್ಟಾಗಿ ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿಸಿತು. 2004ರಲ್ಲಿ ಯೋಜಕರ ಮಂಡಳಿ ಎಕರೆ ಲೆಕ್ಕವನ್ನು ಮಾರ್ಗಸೂಚಿಯಿಂದ ಕೈಬಿಟ್ಟಿತು.

ಉಳಿದಿರುವುದು ತೆರಿಗೆಯ ವಿಚಿತ್ರ. ಚಾರಿತ್ರಿಕ ಕಟ್ಟಡದ ಜೀರ್ಣೋದ್ಧಾರಕ್ಕೆ ಶೇ 20ರ ತೆರಿಗೆ ರಿಯಾಯಿತಿಯಿದೆ. ತೆರಿಗೆಯನ್ನೇ ಕಟ್ಟದ ಸರ್ಕಾರಿ ಶಾಲೆಗೆ ಅದರಿಂದ ನೇರ ಲಾಭವಿಲ್ಲ. ಖಾಸಗಿಯವರಿಗೆ ಮಾರಿ, ಅವರಿಂದ ರಿಪೇರಿ ಮಾಡಿಸಿ, ಮತ್ತೆ ಬಾಡಿಗೆಗೆ ಪಡೆಯೋಣವೆಂದರೆ, ಅದೇ ಶಾಲೆ ಅದೇ ಕಟ್ಟಡಕ್ಕೆ ಮರಳಿದರೆ ರಿಯಾಯಿತಿ ರದ್ದು. ಶಾಲೆ ಮುಚ್ಚಿಸಿ ತರಗತಿಗಳನ್ನು ಬಾಡಿಗೆ ಫ್ಲ್ಯಾಟ್ ಮಾಡುವ ಬಿಲ್ಡರ್‌ಗೆ ಮಾತ್ರ ಅಡ್ಡಿಯಿಲ್ಲ. ಇದನ್ನು ತಿದ್ದುವ ಮಸೂದೆ ಅಮೆರಿಕದ ಕಾಂಗ್ರೆಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಂಡನೆಯಾಗಿದೆ.