ವಾಸನೆ ಹೋಯ್ತು ಅಂತ ಮಾಸ್ಕ್ ತೆಗೆಯಬೇಡಿ

"ಸಾರ್, ವಾಸನೆ ಹೋಯ್ತು. ಇನ್ನು ಮಾಸ್ಕ್ ತೆಗೀಬಹುದಲ್ವಾ?"

ವಿಷಾನಿಲದ ಬಗ್ಗೆ ಕಾರ್ಖಾನೆಗಳಲ್ಲಿ ಸುರಕ್ಷತಾ ತರಬೇತಿ ಕೊಡುವ ನನಗೆ ಈ ಪ್ರಶ್ನೆ ಎದುರಾಗದ ತರಗತಿಯೇ ಇಲ್ಲ. ಕೇಳಿದರೆ ಪರವಾಗಿಲ್ಲ, ಉತ್ತರ ಹೇಳಬಹುದು. ಜಾಸ್ತಿ ಜನ ಕೇಳುವುದೇ ಇಲ್ಲ, ತೆಗೆದುಬಿಡುತ್ತಾರೆ. ಅದಕ್ಕೇ ಈಗೀಗ ನಾನು ಪಾಠ ಶುರು ಮಾಡುವುದು 1918ರ ಫ್ರಾನ್ಸ್‌ನಿಂದ.

ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ. ಸೈನಿಕರು ಅಡಗಿ ಕೂರುತ್ತಿದ್ದ ಯುರೋಪಿನ ಕಂದಕಗಳು ಅಷ್ಟರಲ್ಲಿ ವಿಷಾನಿಲಗಳಾದ ಕ್ಲೋರಿನ್ ಕಂಡಿದ್ದವು, ಫಾಸ್ಜೀನ್ ಕಂಡಿದ್ದವು. ಆ ಜುಲೈನಲ್ಲಿ ಮಸ್ಟರ್ಡ್ ಗ್ಯಾಸ್ ಕೂಡ ಬಂತು. ಸಮುದ್ರ ದಾಟಿ ಬಂದ ಹುಡುಗರಿಗೆ ಇದೆಲ್ಲ ಹೊಸದು. ಆರು ಸೆಕೆಂಡಿನಲ್ಲಿ ಮಾಸ್ಕ್ ಹಾಕಿಕೊಳ್ಳುವುದನ್ನು ಅವರಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರು. ಹಾಕುವುದನ್ನು ಕಲಿತರು. ತೆಗೆಯದೆ ಇರುವುದು ಅದಕ್ಕಿಂತ ಕಷ್ಟದ ಪಾಠ.

1918ರ ಫೆಬ್ರವರಿ 26ರ ನಡುರಾತ್ರಿ ಕಳೆದ ಮೇಲೆ ಜರ್ಮನ್ನರು ಅಮೆರಿಕದ ಸೇನೆಯ 1ನೇ ಡಿವಿಷನ್ ಎಂಬ ದೊಡ್ಡ ಪಡೆಯ ಮೇಲೆ ಫಾಸ್ಜೀನ್ ತುಂಬಿದ ಬಾಂಬುಗಳನ್ನು ಒಟ್ಟಿಗೇ ಸುರಿದರು. ಕೆಲವರು ಮಾಸ್ಕ್ ಹಾಕುವಷ್ಟರಲ್ಲಿ ತಡವಾಗಿತ್ತು. ಇನ್ನು ಕೆಲವರು ಹಾಕಿದ್ದರು, ಆದರೆ ಬೇಗ ತೆಗೆದುಬಿಟ್ಟರು. ಮೇ ತಿಂಗಳ ಆರಂಭದಲ್ಲಿ ವಿಲ್ಲೆ-ಟೂರ್ನೆಲ್ ಎಂಬ ಹಳ್ಳಿಯ ಮೇಲೆ ಮಸ್ಟರ್ಡ್ ಗ್ಯಾಸ್ ಶೆಲ್ಲುಗಳು ಬಿದ್ದಾಗ ಅದೇ ಡಿವಿಷನ್ನಿನ ನೂರಾರು ಜನ ಆಸ್ಪತ್ರೆ ಸೇರಿದರು.

ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆ ಮಾಸ್ಕ್ ಹೇಗಿತ್ತು ನೋಡಿ. ಎದೆಯ ಮೇಲೆ ಕ್ಯಾನ್ವಾಸ್ ಚೀಲ, ಒಳಗೆ ಗಾಳಿ ಸೋಸಲು ಇದ್ದಿಲು ತುಂಬಿದ ಡಬ್ಬಿ. ಅಲ್ಲಿಂದ ಬರುವ ಕೊಳವೆಯ ತುದಿಯ ರಬ್ಬರನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಮೂಗಿಗೆ ಒಳಗಿನಿಂದಲೇ ಕ್ಲಿಪ್ಪು. ಉಸಿರೆಲ್ಲ ಬಾಯಲ್ಲೇ. ಜೊಲ್ಲು ಸುರಿಯುತ್ತೆ, ಕಣ್ಣಿನ ಮುಂದಿನ ಗಾಜು ಮಂಜಾಗುತ್ತೆ, ಮಾತಾಡಲು ಆಗಲ್ಲ. ಹೀಗೆ ಗಂಟೆಗಟ್ಟಲೆ ಕೂರಬೇಕು. ಶೆಲ್ ಬೀಳುವುದು ನಿಂತ ಕೂಡಲೇ ಕೈ ತಾನಾಗಿ ಮಾಸ್ಕಿಗೆ ಹೋಗುತ್ತೆ, ಯಾರಿಗೇ ಆಗಲಿ.

ಆ ಡಬ್ಬಿಯ ಇದ್ದಿಲಿನ ಬಗ್ಗೆಯೂ ಒಂದು ಮಾತು. ಅದಕ್ಕೆ ಒಳ್ಳೆಯದು ತೆಂಗಿನ ಚಿಪ್ಪು. ಚಿಪ್ಪು ಸಾಲದಾದಾಗ ಅಮೆರಿಕದ ಮನೆಮನೆಗಳಿಂದ ಪೀಚ್ ಹಣ್ಣಿನ ಓಟೆ ಕೂಡಿಸಿದರು, ಮಕ್ಕಳು ಕೂಡ ಆರಿಸಿ ತಂದು ಕೊಟ್ಟರು. ಇವತ್ತಿಗೂ ಎಷ್ಟೋ ಮಾಸ್ಕ್‌ಗಳ ಕಾರ್ಟ್ರಿಜ್ ಒಳಗಿರುವುದು ಚಿಪ್ಪಿನ ಇದ್ದಿಲೇ. ಇದನ್ನು ಹೇಳಿದಾಗ ತೋಟ ಇರುವ ಹುಡುಗರ ಮುಖ ಅರಳುತ್ತೆ. ಅದನ್ನು ನೋಡುವುದು ನನಗೂ ಇಷ್ಟ.

ಈಗ ವಿಷಯಕ್ಕೆ ಬರೋಣ. ಮೂಗು ಅಳತೆಯ ಯಂತ್ರ ಅಲ್ಲ. ಮಸ್ಟರ್ಡ್ ಗ್ಯಾಸ್ ಹೆಸರಿಗೆ ಗ್ಯಾಸ್, ನಿಜಕ್ಕೂ ಎಣ್ಣೆಯಂಥ ದ್ರವ. ರಾತ್ರಿಯ ಚಳಿಯಲ್ಲಿ ಮಣ್ಣಿಗೆ, ಬಟ್ಟೆಗೆ, ಬೂಟಿಗೆ ಅಂಟಿಕೊಂಡು ಸುಮ್ನೆ ಕೂತಿರುತ್ತೆ. ಬಿಸಿಲೇರಿದ ಮೇಲೆ ಆವಿಯಾಗುತ್ತೆ. ಸಾಸಿವೆ, ಬೆಳ್ಳುಳ್ಳಿಯಂಥ ಆ ವಾಸನೆಗೆ ಮೂಗು ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗುತ್ತೆ. ಸೈನಿಕ "ಹೋಯ್ತು" ಅಂದುಕೊಳ್ಳುತ್ತಾನೆ. ಹೋದದ್ದು ಗ್ಯಾಸ್ ಅಲ್ಲ, ಅವನ ಮೂಗಿನ ಚುರುಕು. ಉರಿ, ಬೊಕ್ಕೆ, ಕಣ್ಣು ಮುಚ್ಚಿಕೊಳ್ಳುವುದು, ಎಲ್ಲ ಶುರುವಾಗುವುದು ಹಲವು ಗಂಟೆ ಕಳೆದ ಮೇಲೆ.

ಇನ್ನೊಂದು ಸಲ ಹೇಳುತ್ತೇನೆ, ಬೇಸರ ಬೇಡ. ವಾಸನೆ ಬಂದರೆ ಗ್ಯಾಸ್ ಇದೆ, ಓಡಿ. ವಾಸನೆ ಇಲ್ಲ ಅಂದರೆ ಗ್ಯಾಸ್ ಇಲ್ಲ ಅಂತ ಅರ್ಥ ಅಲ್ಲ. ಮೊದಲನೆಯದು ನಿಜ ಅಂತ ಎರಡನೆಯದೂ ನಿಜ ಆಗುವುದಿಲ್ಲ. ಕೊಳಚೆ ಗುಂಡಿಯ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತೆ. ಪ್ರಮಾಣ ಏರಿದಾಗ ಮೂಗನ್ನೇ ಮರಗಟ್ಟಿಸುತ್ತೆ. ವಾಸನೆ ನಿಂತ ಆ ಗಳಿಗೆಯೇ ಅತ್ಯಂತ ಅಪಾಯದ್ದಾಗಿರಬಹುದು.

ಒಂದು ಗ್ಯಾಸಿನ ಗುಣ ಇನ್ನೊಂದಕ್ಕಿಲ್ಲ, ಅದು ನಿಜ. ನಿಮ್ಮಲ್ಲಿ ಯಾವುದಕ್ಕೆ ಯಾವ ಮಾಸ್ಕ್, ಎಷ್ಟು ಹೊತ್ತು ಅನ್ನುವುದನ್ನು ಅಲ್ಲಿನ ಸುರಕ್ಷತಾ ಅಧಿಕಾರಿಯನ್ನೇ ಕೇಳಿ. ಅಂಕಣ ಓದಿ ತೀರ್ಮಾನ ಮಾಡಬೇಡಿ. ಮಾಸ್ಕ್ ತೆಗೆಯಬಹುದು ಅಂತ ಹೇಳಬೇಕಾದ್ದು ಗ್ಯಾಸ್ ಅಳೆಯುವ ಮೀಟರ್ ಹಿಡಿದವರು. 1918ರಲ್ಲಿ ಮೀಟರ್ ಇರಲಿಲ್ಲ. ಹಾಗಿದ್ದೂ ಪರೀಕ್ಷಿಸಿ ನೋಡಿ ಅಪ್ಪಣೆ ಕೊಡುವುದು ಅಧಿಕಾರಿಯ ಕೆಲಸವಾಗಿತ್ತು, ಪ್ರತಿಯೊಬ್ಬ ಸಿಪಾಯಿಯದ್ದಲ್ಲ.

ಆ ಯುದ್ಧದಲ್ಲಿ ವಿಷಾನಿಲದಿಂದ ಆಸ್ಪತ್ರೆ ಸೇರಿದ ಅಮೆರಿಕನ್ನರು 70,000ಕ್ಕೂ ಹೆಚ್ಚು. ಅವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಸುಮಾರು 1,200. ಫಾಸ್ಜೀನ್ ಉಸಿರಿನಲ್ಲಿ ಎಳೆದುಕೊಂಡವನು ಮೊದಮೊದಲು ಚೆನ್ನಾಗೇ ಕಾಣುತ್ತಾನೆ. ನಡೆಯುತ್ತಾನೆ, ಮಾತಾಡುತ್ತಾನೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಮೈ ದಣಿದಷ್ಟೂ ಅಪಾಯ ಜಾಸ್ತಿ. ಅದಕ್ಕೇ ಅಂಥವನನ್ನು ನಡೆಸದೆ ಸ್ಟ್ರೆಚರ್ ಮೇಲೆ ಸಾಗಿಸಬೇಕು ಎಂದು ವೈದ್ಯರು ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್ ಸೋರಿತ್ತು. ವಾಲ್ವ್ ಬಿಗಿ ಮಾಡಿದ ಹುಡುಗ ವಾಸನೆ ಕಡಿಮೆಯಾದ ಕೂಡಲೇ ಮಾಸ್ಕ್ ಇಳಿಸಿದ್ದ. "ಏನೂ ಆಗಿಲ್ಲ ಸಾರ್, ಸ್ವಲ್ಪ ಕೆಮ್ಮು ಅಷ್ಟೇ" ಅಂದ. ಡ್ಯೂಟಿ ಮುಗಿದಿತ್ತು, ಸೈಕಲ್ ತುಳಿದುಕೊಂಡು ಆರು ಕಿಲೋಮೀಟರ್ ದೂರದ ಊರಿಗೆ ಹೊರಟಿದ್ದ. ನಾನು ಸೈಕಲ್ಲಿನ ಬೀಗ ಹಾಕಿ ಕೀ ಜೇಬಿಗಿಟ್ಟುಕೊಂಡೆ. ಅವನಿಗೆ ಸಿಟ್ಟು ಬಂತು. ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಉಸಿರಾಟ ಕೆಟ್ಟಿತು. ಬೆಳಗಿನವರೆಗೂ ಆಕ್ಸಿಜನ್ ಕೊಟ್ಟರು. ಮೂರನೆಯ ದಿನ ಅವನ ತಾಯಿ ಬಂದು, "ಸೈಕಲ್ ಕೀ ಕೊಡಿ ಸಾರ್, ನಾನೇ ತಳ್ಕೊಂಡು ಹೋಗ್ತೀನಿ" ಅಂದರು.